ಮೂರು ಬಾರಿ ಕೂಡಿಸಿದ ಕುಂಭ

1900ರ ಸೆಪ್ಟೆಂಬರ್ 9. ಇಟಲಿಯ ಫ್ಲಾರೆನ್ಸ್ ನಗರದ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿ ಕಾವಲುಗಾರನೊಬ್ಬನು ಸಿಟ್ಟಿನ ಭರದಲ್ಲಿ ಮರದ ಪೀಠವೊಂದನ್ನು ಎತ್ತಿ ಎಸೆದನು. ಅದು ಗಾಜಿನ ಪೆಟ್ಟಿಗೆಯನ್ನು ಭೇದಿಸಿ ಒಳಗಿದ್ದ ಮಣ್ಣಿನ ಪಾತ್ರೆಗೆ ಬಡಿಯಿತು. ಸುಮಾರು ಇಪ್ಪತ್ತೈದು ಶತಮಾನಗಳಷ್ಟು ಹಳೆಯದಾದ ಆ ಪಾತ್ರೆಯು ಕ್ಷಣಮಾತ್ರದಲ್ಲಿ 638 ಚೂರುಗಳಾಯಿತು.

ಅದು ಹಾಗೆ ಚೂರಾದದ್ದು ಮೊದಲ ಸಲವೇನಲ್ಲ. ಕ್ರಿ.ಪೂ. 570ರ ಸುಮಾರಿಗೆ ಗ್ರೀಸಿನ ಅಥೆನ್ಸಿನಲ್ಲಿ ತಯಾರಾಗಿ, ಕಡಲು ದಾಟಿ ಇಟಲಿಯ ಎಟ್ರಸ್ಕನ್ನರ ಸಮಾಧಿಯೊಂದನ್ನು ಸೇರಿದ್ದ ಅದನ್ನು 1844ರಲ್ಲಿ ಕ್ಯೂಸಿ ಪಟ್ಟಣದ ಬಳಿ ಅಲೆಸ್ಸಾಂಡ್ರೊ ಫ್ರಾನ್ಸ್ವಾ ಅವರು ಅಗೆದು ತೆಗೆದಾಗಲೂ ಅದು ಒಡೆದ ತುಂಡುಗಳ ರೂಪದಲ್ಲಿಯೇ ಇತ್ತು. ಅವರು ಮರುವರ್ಷವೂ ಅಲ್ಲಿ ಹುಡುಕಿಸಿ ಮತ್ತಷ್ಟು ತುಂಡುಗಳನ್ನು ಪಡೆದರು. ಹೀಗೆ ಅದಕ್ಕೆ ‘ಫ್ರಾನ್ಸ್ವಾ ಕುಂಭ’ವೆಂಬ ಹೆಸರು ಬಂದಿತು.

66 ಸೆಂಟಿಮೀಟರ್ ಎತ್ತರದ ಈ ಕುಂಭವು ಔತಣಗಳಲ್ಲಿ ದ್ರಾಕ್ಷಾರಸಕ್ಕೆ ನೀರು ಬೆರೆಸುವ ಬಗೆಯದು. ಅದರ ಮೈಮೇಲೆ ಸಾಲುಸಾಲಾಗಿ ಸುಮಾರು 270 ಆಕೃತಿಗಳಿವೆ. ವೀರ ಅಕಿಲೀಸನ ತಂದೆತಾಯಿಗಳಾದ ಪೆಲಿಯೂಸ್ ಮತ್ತು ಥೆಟಿಸರ ವಿವಾಹಕ್ಕೆ ದೇವತೆಗಳು ರಥಗಳಲ್ಲಿ ಬರುತ್ತಿದ್ದಾರೆ. ಹಿಡಿಕೆಗಳ ಮೇಲೆ ಮಡಿದ ಅಕಿಲೀಸನನ್ನೇ ಗೆಳೆಯನಾದ ಏಜಾಕ್ಸನು ಹೊತ್ತು ನಡೆದಿದ್ದಾನೆ. ಮದುವೆಯ ಸಂಭ್ರಮ, ಮಗನ ಮರಣ ಎರಡೂ ಒಂದೇ ಪಾತ್ರೆಯಲ್ಲಿ!

ಇದರ ಮತ್ತೊಂದು ಹಿರಿಮೆ ಅಕ್ಷರಗಳದು. ಆಕೃತಿಗಳ ಪಕ್ಕದಲ್ಲಿ ನೂರಕ್ಕೂ ಹೆಚ್ಚು ಬರಹಗಳಿವೆ. ದೇವತೆಗಳಿಗಷ್ಟೇ ಅಲ್ಲ, ನೀರಿನ ಕೊಡಕ್ಕೂ ಕಾರಂಜಿಗೂ ಹೆಸರು ಬರೆಯಲಾಗಿದೆ. ಮಾಡಿದವನು ಎರ್ಗೊಟಿಮೋಸ್, ಚಿತ್ರಿಸಿದವನು ಕ್ಲೈಟಿಯಾಸ್ ಎಂಬುದನ್ನೂ ಪಾತ್ರೆಯೇ ಎರಡೆರಡು ಕಡೆ ಸಾರುತ್ತದೆ. ತಿಗರಿ ತಿರುಗಿಸಿದ ಕೈ, ಚಿತ್ರ ಬರೆದ ಕೈ ಎರಡೂ ಅನಾಮಧೇಯವಾಗದೆ ಉಳಿದಿವೆ.

ಚಿತ್ರದ ಕಪ್ಪು ಬಣ್ಣವೆಂದರೆ ಕಾಡಿಗೆಯಲ್ಲ, ನಯವಾಗಿ ಸೋಸಿದ ಜೇಡಿಮಣ್ಣೇ. ಆವಿಗೆಗೆ ಮೊದಲು ಗಾಳಿಯಾಡಿಸಿದಾಗ ಪಾತ್ರೆಯೆಲ್ಲ ಕೆಂಪಾಗುತ್ತದೆ. ಗಾಳಿ ತಡೆದು ಹೊಗೆಯಾಡಿಸಿದಾಗ ಎಲ್ಲವೂ ಕಪ್ಪಾಗುತ್ತದೆ. ಮತ್ತೆ ಗಾಳಿ ಬಿಟ್ಟಾಗ ಬಯಲು ಭಾಗ ಕೆಂಪಿಗೆ ಮರಳುತ್ತದೆ. ಲೇಪವಾದರೋ ಗಾಜಿನಂತೆ ಗಟ್ಟಿಗೊಂಡು ಕಪ್ಪಾಗಿಯೇ ನಿಲ್ಲುತ್ತದೆ. ಕಣ್ಣು, ಕೂದಲು, ಉಡುಪಿನ ಅಂಚುಗಳನ್ನು ಸುಡುವ ಮುನ್ನವೇ ಚೂಪಾದ ಮೊನೆಯಿಂದ ಗೀರಿರುತ್ತಾರೆ.

ಇಷ್ಟು ಶ್ರಮದ ಫಲವೇ ಅಂದು ನೆಲದ ಮೇಲೆ ಚೆಲ್ಲಿತ್ತು. ಪಿಯೆತ್ರೊ ಝೆಯಿ ಎಂಬ ಕುಶಲಿಯು ಒಂದೊಂದೇ ಚೂರನ್ನು ಹೊಂದಿಸಿ 1902ರ ವೇಳೆಗೆ ಕುಂಭವನ್ನು ಮತ್ತೆ ನಿಲ್ಲಿಸಿದನು. ಆದರೆ ಒಂದು ಚೂರು ಕಳವಾಗಿತ್ತು. ಅದು 1904ರಲ್ಲಿ ಮರಳಿ ಬಂದರೂ, ತನ್ನ ಜಾಗವನ್ನು ಸೇರಿದ್ದು 1973ರಲ್ಲಿ ಕುಂಭವನ್ನು ಮತ್ತೊಮ್ಮೆ ಬಿಚ್ಚಿ ಜೋಡಿಸಿದಾಗಲೇ.

ಇಂದಿಗೂ ಕುಂಭದಲ್ಲಿ ಅಲ್ಲಲ್ಲಿ ಖಾಲಿ ಜಾಗಗಳಿವೆ. ಅವು ಮಣ್ಣಿನಿಂದ ಎಂದೂ ಹಿಂತಿರುಗದ ತುಂಡುಗಳ ಸ್ಥಾನಗಳು. ಉಳಿದ ಮೈಯೆಲ್ಲ ಹೆಸರುಗಳು. ಗ್ರೀಕ್ ಅಕ್ಷರ ಬಲ್ಲವರು ಅವನ್ನು ಈಗಲೂ ಓದಬಹುದು.