ಸೂಕ್ಷ್ಮಜೀವಿ ಗೊಬ್ಬರಗಳು, ಮಣ್ಣಿನ ಚಟುವಟಿಕೆ ಮತ್ತು ಅಲಂಕಾರಿಕ ಸಸ್ಯಗಳು: ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಿನ್ನೆಲೆಯಲ್ಲಿ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರಗಳಲ್ಲಿ ಮಣ್ಣಿನ ಫಲವತ್ತತೆಯ ಚರ್ಚೆ ಸೊಪ್ಪಿನ ಬೆಟ್ಟದಿಂದಲೇ ಆರಂಭವಾಗಬೇಕು. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ಇಲ್ಲಿ ಬ್ರಿಟಿಷರ ಆಡಳಿತಕಾಲದಿಂದ ಬಂದಿದೆ. ಬೆಟ್ಟದ ಸೊಪ್ಪು ಹಾಗೂ ದರಕು ಕೊಟ್ಟಿಗೆಯಲ್ಲಿ ಹಾಸಾಗಿ, ಸಗಣಿ ಗಂಜಲದೊಡನೆ ಕೊಳೆತು ತೋಟಕ್ಕೆ ಸೇರುತ್ತದೆ. ಸೂಕ್ಷ್ಮಜೀವಿಗಳಿಗೆ ಬೇಕಾದ ಇಂಗಾಲವನ್ನು ವರ್ಷವರ್ಷವೂ ಒದಗಿಸುವ ವ್ಯವಸ್ಥೆ ಇದು. ಇಂತಹ ಮಣ್ಣಿಗೆ ಪೊಟ್ಟಣದಲ್ಲಿ ಬಂದ ಜೀವಾಣುಗಳು ಸೇರಿದಾಗ ಅವು ಸ್ಥಳೀಯ ಜೀವಿಗಳೊಡನೆ ಸ್ಪರ್ಧಿಸಬೇಕಾಗುತ್ತದೆ. ಬಹುಪಾಲು ಕೆಲವೇ ವಾರಗಳಲ್ಲಿ ಕ್ಷೀಣಿಸುತ್ತವೆ.

ಮನೆಯಂಗಳದ ಕುಂಡಗಳಲ್ಲಿ ಮತ್ತು ನೆರಳುಬಲೆಯಡಿ ಬೆಳೆಯುವ ಆಂಥೂರಿಯಂನ ಸ್ಥಿತಿ ಬೇರೆ. ಮೂಲತಃ ಕೊಲಂಬಿಯಾ, ಈಕ್ವೆಡಾರ್ ಕಾಡುಗಳ ಈ ಸಸ್ಯಕ್ಕೆ ಬೇರಿನ ಸುತ್ತ ಗಾಳಿಯಾಡಬೇಕು. ಆದುದರಿಂದ ತೆಂಗಿನ ನಾರು, ಇದ್ದಿಲು, ಇಟ್ಟಿಗೆ ಚೂರುಗಳ ಮಾಧ್ಯಮ ಬಳಸುತ್ತಾರೆ. ಅಂಗಾಂಶ ಕೃಷಿಯ ಸಸಿಯಂತೂ ನಿರ್ಜೀವೀಕೃತ ಸೀಸೆಯಿಂದ ಹೊರಬರುವಾಗ ಬೇರಿನಲ್ಲಿ ಮೈಕೋರೈಜಾ ಶಿಲೀಂಧ್ರವಿರುವುದಿಲ್ಲ. ಪ್ರತಿಸ್ಪರ್ಧಿಗಳು ಕಡಮೆ ಇರುವ ಈ ಹದಗೊಳಿಸುವ ಹಂತದಲ್ಲಿಯೇ ಜೈವಿಕ ಗೊಬ್ಬರದ ಪರಿಣಾಮ ಸ್ಪಷ್ಟವಾಗಿ ಕಾಣುವ ಸಂಭವ ಹೆಚ್ಚು. ಬೇರಿನೊಳಗೆ ನೆಲೆಸಿದ ಶಿಲೀಂಧ್ರದ ಎಳೆಗಳು ಬೇರುಗೂದಲು ತಲುಪದ ಕಡೆಯಿಂದ ರಂಜಕವನ್ನು ತಂದುಕೊಡುತ್ತವೆ. ಆದರೆ ಕರಗುವ ರಂಜಕವನ್ನು ಧಾರಾಳವಾಗಿ ಕೊಟ್ಟಲ್ಲಿ ಈ ಸಹಜೀವನ ಕುಗ್ಗುತ್ತದೆ. ಒಂದು ಕೈಯಲ್ಲಿ ಮೈಕೋರೈಜಾ, ಮತ್ತೊಂದು ಕೈಯಲ್ಲಿ 19:19:19 ಹಿಡಿದು ಎರಡರ ಫಲವನ್ನೂ ನಿರೀಕ್ಷಿಸುವುದು ಸರಿಯಲ್ಲ. (ಗ್ಲೋಮಸ್ ಎಂದು ನಮ್ಮ ಪಠ್ಯಗಳಲ್ಲಿ ಬಳಕೆಯಲ್ಲಿದ್ದ ಹಲವು ಪ್ರಭೇದಗಳ ಕುಲನಾಮ 2010ರಲ್ಲಿ ಬದಲಾಗಿದೆ. ಹಳೆಯ ವರದಿಗಳನ್ನು ಹೋಲಿಸುವವರು ಇದನ್ನು ಗಮನಿಸತಕ್ಕದ್ದು.)

ರಂಜಕ ಕರಗಿಸುವ ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಇನ್ನೂ ಎಚ್ಚರಿಕೆ ಬೇಕು. ಪಿಕೋವ್ಸ್ಕಾಯಾ 1948ರಲ್ಲಿ ರೂಪಿಸಿದ ಮಾಧ್ಯಮದಲ್ಲಿ ವಸಾಹತಿನ ಸುತ್ತ ತಿಳಿಯಾದ ವಲಯ ಮೂಡಿದರೆ ಆ ತಳಿ ಸಮರ್ಥವೆಂದು ಎಣಿಸುವುದು ರೂಢಿ. ಅಲ್ಲಿರುವುದು ಟ್ರೈಕ್ಯಾಲ್ಸಿಯಂ ಫಾಸ್ಫೇಟ್. ಮಳೆಯಿಂದ ಸುಣ್ಣಾಂಶ ತೊಳೆದುಹೋದ ನಮ್ಮ ಆಮ್ಲೀಯ ಜಂಬಿಟ್ಟಿಗೆ ಮಣ್ಣಿನಲ್ಲಿ ರಂಜಕವು ಮುಖ್ಯವಾಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂಗಳಿಗೆ ಅಂಟಿಕೊಂಡಿರುತ್ತದೆ. ಇವು ಅಷ್ಟು ಸುಲಭವಾಗಿ ಸಡಿಲವಾಗವು. ತಟ್ಟೆಯಲ್ಲಿ ಗೆದ್ದ ತಳಿ ಯಲ್ಲಾಪುರದ ಮಣ್ಣಿನಲ್ಲಿ ಸೋಲಲು ಇಷ್ಟೇ ಕಾರಣ ಸಾಕು. ಅಜೊಟೊಬ್ಯಾಕ್ಟರ್ ಕೂಡ ಹುಳಿ ಮಣ್ಣನ್ನು ಸಹಿಸದು, ಬೈಜೆರಿಂಕಿಯಾ ಸಹಿಸುತ್ತದೆ.

ಮಣ್ಣಿನ ಚಟುವಟಿಕೆಯನ್ನು ಅಳೆಯಲು ಡಿಹೈಡ್ರೋಜಿನೇಸ್ ಕಿಣ್ವದ ಪರೀಕ್ಷೆ ಪ್ರಚಲಿತವಾಗಿದೆ. ಬಣ್ಣವಿಲ್ಲದ ಟೆಟ್ರಜೋಲಿಯಂ ಲವಣವನ್ನು ಜೀವಂತ ಕೋಶಗಳು ಕೆಂಪು ಫಾರ್ಮಜಾನ್ ಆಗಿ ಪರಿವರ್ತಿಸುತ್ತವೆ. ಕೆಂಪು ಗಾಢವಾದಷ್ಟೂ ಚಟುವಟಿಕೆ ಹೆಚ್ಚು. ಆದರೆ ಈ ಕೆಂಪು ಯಾವ ಜೀವಿಯದೆಂದು ಹೇಳುವುದಿಲ್ಲ. ಜೈವಿಕ ಗೊಬ್ಬರವನ್ನು ಸಗಣಿಗೊಬ್ಬರದೊಡನೆ ಬೆರೆಸಿ ಹಾಕಿದಲ್ಲಿ, ಏರಿಕೆಗೆ ಸಗಣಿಯೇ ಕಾರಣವಾಗಿರಬಹುದು. ಅದೇ ಗೊಬ್ಬರವನ್ನು ಆಟೋಕ್ಲೇವಿನಲ್ಲಿ ನಿರ್ಜೀವಗೊಳಿಸಿ ಹಾಕಿದ ಕುಂಡವನ್ನು ಹೋಲಿಕೆಗೆ ಇಡದ ಪ್ರಯೋಗದಿಂದ, ಎಲೆಯ ಸಂಖ್ಯೆ, ಹೂದೇಟಿನ ಉದ್ದಗಳು ಎಷ್ಟೇ ಹೆಚ್ಚಿದ್ದರೂ, ಜೀವಾಣುವಿನ ಪಾತ್ರವನ್ನು ನಿರ್ಣಯಿಸಲಾಗದು.

ಈ ಪ್ರದೇಶಕ್ಕೆ ವಿಶಿಷ್ಟವಾದ ಮತ್ತೊಂದು ಅಂಶ ತಾಮ್ರ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿ ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದಲ್ಲಿ ನಡೆಸಿದ ಕಾರ್ಯದಿಂದ ಕಳೆದ ಶತಮಾನದ ಆರಂಭದಲ್ಲಿ ಬಳಕೆಗೆ ಬಂದಿತು. ಶೇಕಡ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋಗ್ರಾಂ ಮೈಲುತುತ್ತ ಬೇಕು. ಗೊನೆಯಿಂದ ತೊಟ್ಟಿಕ್ಕಿದ ತಾಮ್ರ ಕೊಳೆಯುವುದಿಲ್ಲ. ಮೇಲ್ಮಣ್ಣಿನ ಸಾವಯವ ಪದಾರ್ಥದೊಡನೆ ಬಂಧಿತವಾಗಿ ಉಳಿಯುತ್ತದೆ. ಅಡಿಕೆಯ ಅಡಿಯಲ್ಲಿ ಹೂಗಿಡ ಬೆಳೆಸುವವರ ತೋಟದಲ್ಲಿ ಜೈವಿಕ ಗೊಬ್ಬರ ನಿಷ್ಫಲವಾದರೆ, ತಳಿಯನ್ನು ದೂರುವ ಮೊದಲು ಮಣ್ಣಿನ ತಾಮ್ರವನ್ನು ಪರೀಕ್ಷಿಸುವುದು ವಿಹಿತ. ಸಿಂಪರಣೆಯ ಮಳೆಗಾಲ ಮುಗಿದ ಬಳಿಕ ಗೊಬ್ಬರ ಕೊಡುವುದೇ ಮೇಲು.

2006ರಲ್ಲಿ ಜೈವಿಕ ಗೊಬ್ಬರಗಳು ಕೇಂದ್ರದ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದವು. ಪುಡಿರೂಪದ ಬ್ಯಾಕ್ಟೀರಿಯಾ ಗೊಬ್ಬರದಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವರೂಪದಲ್ಲಿ ಮಿಲಿಲೀಟರ್‌ಗೆ 10 ಕೋಟಿ ಜೀವಕೋಶಗಳಿರಬೇಕು. ಬಿಸಿಲಿನಲ್ಲಿಟ್ಟ ಪೊಟ್ಟಣದಲ್ಲಿ ಈ ಸಂಖ್ಯೆ ಬೇಗನೆ ಇಳಿಯುತ್ತದೆ. ಆದುದರಿಂದ ಸಂಶೋಧಕರು ತಯಾರಿಕೆಯ ದಿನದ ಎಣಿಕೆಯನ್ನಲ್ಲ, ಕುಂಡಕ್ಕೆ ಹಾಕಿದ ದಿನದ ಎಣಿಕೆಯನ್ನು ವರದಿಯಲ್ಲಿ ದಾಖಲಿಸಬೇಕು.