ಸ್ಟೆನ್ಸಿಲ್ ಹಾಳೆಯಿಂದ ಫೋನಿನ ಪರದೆಗೆ

ಹಕ್ಕಿ ನೋಡುವ ಹುಚ್ಚು ಹತ್ತಿದವರು ಕಂಡದ್ದನ್ನು ಯಾರಿಗಾದರೂ ಹೇಳದೆ ಇರಲಾರರು. ಮನೆಯವರು ಎಷ್ಟೆಂದು ಕೇಳಿಯಾರು? ಅಂಥವರೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳಲೆಂದು ಮುಂಬಯಿಯ ಹಕ್ಕಿಪ್ರೇಮಿ ಜಾಫರ್ ಫತೇಹಲಿ 1960ರಲ್ಲಿ ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’ ಎಂಬ ಮಾಸಿಕ ಶುರುಮಾಡಿದರು. ಮೊದಮೊದಲು ಅದು ಅಚ್ಚುಕೂಟದ ಮುಖ ಕಂಡದ್ದಲ್ಲ, ಸೈಕ್ಲೋಸ್ಟೈಲ್ ಪತ್ರಿಕೆ. ಟೈಪ್‌ರೈಟರಿನ ರಿಬ್ಬನ್ನನ್ನು ಬದಿಗೆ ಸರಿಸಿ ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಕುಟ್ಟಿದರೆ ಅಕ್ಷರದ ಆಕಾರಕ್ಕೆ ಮೇಣ ಬಿಟ್ಟುಕೊಳ್ಳುತ್ತದೆ. ಆ ಹಾಳೆಯನ್ನು ಶಾಯಿಯ ಉರುಳೆಗೆ ಸುತ್ತಿ ತಿರುಗಿಸಿದರೆ ಪ್ರತಿಗಳು ಒಂದೊಂದಾಗಿ ಹೊರಬೀಳುತ್ತವೆ. ಮೊದಲ ವರ್ಷಗಳ ಸಂಪಾದಕ ಮಂಡಳಿಯಲ್ಲಿ ಸಲೀಂ ಅಲಿ, ಹೊರೇಸ್ ಅಲೆಕ್ಸಾಂಡರ್, ಕೇರಳದ ಕೆ.ಕೆ. ನೀಲಕಂಠನ್ ಅವರಂಥ ಘಟಾನುಘಟಿಗಳಿದ್ದರು. ಬರೆಯುವವರು ಮಾತ್ರ ಬಹುಪಾಲು ಬೇರೆ ಬೇರೆ ಉದ್ಯೋಗದ ಹವ್ಯಾಸಿಗಳು.

ಸೈಕ್ಲೋಸ್ಟೈಲಿನಲ್ಲಿ ಫೋಟೊ ಬರುವುದಿಲ್ಲ. ಹಾಗಾಗಿ ಹಕ್ಕಿಯ ಕೊಕ್ಕು, ಬಾಲದ ಕುಣಿತ, ಕೂಗಿನ ಏರಿಳಿತ ಎಲ್ಲವನ್ನೂ ಮಾತಿನಲ್ಲೇ ಕಟ್ಟಿಕೊಡಬೇಕಿತ್ತು. ಆ ಕಾಲದ ಸಣ್ಣ ಟಿಪ್ಪಣಿಗಳ ಸತ್ವ ಈ ಬಡತನದಿಂದಲೇ ಬಂದದ್ದು ಎಂಬುದು ನನ್ನ ಗುಮಾನಿ. ಈಗ ಫೋಟೊ ಒಂದಿದ್ದರೆ ಸಾಕು, ಅದರ ಕೆಳಗೆ ಹೆಸರು, ಊರು, ಕ್ಯಾಮೆರಾದ ಲೆಕ್ಕಾಚಾರ. ಹಕ್ಕಿ ಏನು ಮಾಡುತ್ತಿತ್ತು ಎಂಬುದೇ ಇರುವುದಿಲ್ಲ.

ಫತೇಹಲಿ ಮುಂದೆ ಮುಂಬಯಿ ಬಿಟ್ಟು ಬೆಂಗಳೂರಿನ ಕಡೆಗೆ ಬಂದರು. 2003ರವರೆಗೆ, ಅಂದರೆ ನಾಲ್ಕು ದಶಕಕ್ಕೂ ಮಿಕ್ಕಿ, ಅವರೇ ಸಂಪಾದಕರು. ಆಮೇಲೆ ಬೆಂಗಳೂರಿನ ಎಸ್. ಶ್ರೀಧರ್ ಪತ್ರಿಕೆಯನ್ನು ಮುಂದುವರಿಸಿದರು. 2004ರಲ್ಲಿ ಹೈದರಾಬಾದಿನ ಆಶೀಷ್ ಪಿಟ್ಟಿ ಹೊರಡಿಸಿದ ಇನ್ನೊಂದು ಪತ್ರಿಕೆ ಮರುವರ್ಷವೇ ‘ಇಂಡಿಯನ್ ಬರ್ಡ್ಸ್’ ಎಂದು ಹೆಸರಾಯಿತು. ಅದರ ಲೇಖನಗಳನ್ನು ಈಗ ಯಾರು ಬೇಕಾದರೂ ಪಿಡಿಎಫ್ ರೂಪದಲ್ಲಿ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಹಳೆಯ ‘ನ್ಯೂಸ್‌ಲೆಟರ್’ ಸಂಪುಟಗಳೂ ಸ್ಕ್ಯಾನ್ ಆಗಿ ಇಂಟರ್‌ನೆಟ್ ಆರ್ಕೈವ್ ಸೇರಿವೆ. ಎಲ್ಲಿ ಯಾವ ಹಕ್ಕಿ ಕಂಡಿತು ಎಂಬ ಬರಿಯ ದಾಖಲೆಗಂತೂ ಪತ್ರಿಕೆಯೇ ಬೇಕಾಗಿಲ್ಲ, ‘ಇ-ಬರ್ಡ್’ ಎಂಬ ಜಾಲತಾಣಕ್ಕೆ ಪಟ್ಟಿ ಹಾಕಿದರೆ ಮುಗಿಯಿತು.

ಇದೆಲ್ಲ ಇಂಗ್ಲಿಷಿನ ಕಥೆಯಾಯಿತು. ಕನ್ನಡದಲ್ಲಿ ಇದೇ ಬಗೆಯ ಹುಚ್ಚಿಗೆ ‘ಕಾನನ’ ಇದೆ. ಬನ್ನೇರುಘಟ್ಟ ಕಾಡಂಚಿನ ರಾಗಿಹಳ್ಳಿಯಲ್ಲಿ ನೆಲೆ ಮಾಡಿಕೊಂಡಿರುವ ಡಬ್ಲ್ಯೂಸಿಜಿ ಎಂಬ ವನ್ಯಜೀವಿ ಸಂರಕ್ಷಣಾ ಬಳಗ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಹೊರತರುತ್ತಿರುವ ಇ-ಮಾಸಿಕ ಇದು. ಹಕ್ಕಿ, ಹುಳ, ಹಾವು, ಮರಗಳ ಬಗ್ಗೆ ಕಾಡಿನ ನಂಟಿರುವ ಹವ್ಯಾಸಿಗಳೇ ಬರೆಯುತ್ತಾರೆ. ಕಾಗದದ ಖರ್ಚಿಲ್ಲ, ಅಂಚೆಯ ಕಾಟವಿಲ್ಲ. ಆದರೆ ಬರಹ ತರಿಸುವುದು, ತಿದ್ದುವುದು, ಪುಟ ಕಟ್ಟುವುದು ಇವೆಲ್ಲ ಅಚ್ಚಿನ ಪತ್ರಿಕೆಯಲ್ಲಿ ಇದ್ದಷ್ಟೇ ಇವೆ. ಡಿಜಿಟಲ್ ಎಂದರೆ ಪುಕ್ಕಟೆ ಎಂದುಕೊಂಡು ಶುರುವಾದ ಪತ್ರಿಕೆಗಳು ನಾಲ್ಕು ಸಂಚಿಕೆಗೆ ಸುಸ್ತಾಗುವುದು ಇಲ್ಲಿಯೇ.

ಇಂಥ ಪತ್ರಿಕೆಗೆ ಓದುಗರು ಬೆಂಗಳೂರಿನಲ್ಲಷ್ಟೇ ಇರಬೇಕಿಲ್ಲ. ಗೆಟ್ಟವಾಡಿಯನ್ನೇ ತೆಗೆದುಕೊಳ್ಳಿ. ತಾಳವಾಡಿ ಸೀಮೆಯ ಈ ಊರಿನ ಮಾತು ಕನ್ನಡ, ಜಿಲ್ಲೆ ತಮಿಳುನಾಡಿನ ಈರೋಡು. ಚಾಮರಾಜನಗರ ಪಕ್ಕದಲ್ಲೇ ಇದ್ದರೂ ಜಿಲ್ಲಾ ಮಟ್ಟದ ಸರ್ಕಾರಿ ಕೆಲಸಕ್ಕೆ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲದ ಕಡೆಗೇ ಹೋಗಬೇಕು. ಸುತ್ತಲಿನ ಕಾಡು 2013ರಿಂದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಆ ಕಡೆ ಬಿಳಿಗಿರಿರಂಗನ ಬೆಟ್ಟ, ಈ ಕಡೆ ರಣಹದ್ದುಗಳಿಗೆ ಹೆಸರಾದ ಮೋಯಾರ್ ಕಣಿವೆ. ಹಕ್ಕಿ ನೋಡಲು ಪಟ್ಟಣದವರು ರಜೆ ಹಾಕಿ ಬರುವ ಜಾಗದಲ್ಲಿ ಇಲ್ಲಿಯವರು ಹೊಲ ಉಳುತ್ತಾರೆ. ಮಡಿವಾಳ ಹಕ್ಕಿ, ಪಿಕಳಾರ, ಕೆಂಬೂತಗಳ ಬಗ್ಗೆ ಅವರಿಗೆ ಹೊಸದಾಗಿ ಹೇಳಿಕೊಡಬೇಕಾದ್ದು ಕಡಿಮೆ, ಅವರಿಂದ ಬರೆಸಿಕೊಳ್ಳಬೇಕಾದ್ದೇ ಹೆಚ್ಚು.

ಆದರೆ ಓದುವುದರಲ್ಲಿ ಒಂದು ತೊಡಕಿದೆ. ಈ ಸೀಮೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ, ನಿಜ. ಆದರೆ ತಮಿಳು ಮಾಧ್ಯಮದಲ್ಲಿ ಓದಿದವರೂ ಇದ್ದಾರೆ. 2006ರ ಕಾಯ್ದೆಯ ಮೇಲೆ ತಮಿಳು ಕಲಿಕೆ ಒಂದನೇ ತರಗತಿಯಿಂದ ಹಂತಹಂತವಾಗಿ ಕಡ್ಡಾಯವೂ ಆಯಿತು. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗ ಕನ್ನಡ ಅಕ್ಷರ ಓದಲು ತಡವರಿಸಬಹುದು. ಅವನಿಗೆ ಹಕ್ಕಿಯ ಲೇಖನ ಕೇಳಿದರೆ ಪೂರಾ ಅರ್ಥವಾಗುತ್ತದೆ, ನೋಡಿದರೆ ಆಗುವುದಿಲ್ಲ.

ಇಲ್ಲಿ ಪಿಡಿಎಫ್ ಸೋಲುತ್ತದೆ. ಕನ್ನಡದ ಡಿಟಿಪಿ ಬೆಳೆದದ್ದು ಪೇಜ್‌ಮೇಕರ್, ಶ್ರೀಲಿಪಿ, ನುಡಿಗಳ ಕಾಲದಲ್ಲಿ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಖಾನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಲೆಕ್ಕಕ್ಕೆ ಇಂಗ್ಲಿಷಿನ ಕಲಸುಮೇಲೋಗರ. ಫಾಂಟ್ ತೆಗೆದೊಡನೆ ಬಣ್ಣ ಬಯಲು. ಅಂಥ ಪುಟವನ್ನು ಹುಡುಕಲಾಗದು, ಫೋನು ಗಟ್ಟಿಯಾಗಿ ಓದಿ ಹೇಳಲೂ ಆಗದು. ಪ್ರತಿ ಲಿಪಿಗೂ ಅದರದೇ ಖಾನೆ ಕೊಡುವ ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದ್ದರೂ ಅಚ್ಚಿನ ಕೆಲಸದವರು ಹಳೆಯ ಫಾಂಟುಗಳನ್ನು ಬೇಗ ಬಿಡಲಿಲ್ಲ. ‘ಸಂಚಯ’ ಬಳಗ ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಸಲಕರಣೆಯನ್ನು ಎಲ್ಲರಿಗೂ ಬಿಟ್ಟಿದೆ. ಪರಿವರ್ತನೆ ಹೂವೆತ್ತಿದಂತಲ್ಲ. ಹಳೆಯ ಫಾಂಟಿನಲ್ಲಿ ‘ಸೂರ್ಯ’ದ ಅರ್ಕಾವೊತ್ತು ‘ಯ’ದ ಬಳಿಕ ಕೂತಿರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪ್ರತಿ ಅರ್ಕಾವೊತ್ತನ್ನೂ ಹಿಂದಕ್ಕೆ ಎಳೆದು ಕೂರಿಸಬೇಕು. ಸ್ಕ್ಯಾನ್ ಆದ ಪುಟಗಳದ್ದು ಇನ್ನೊಂದು ಪಾಡು. ಅಕ್ಷರ ಗುರುತಿಸುವ ತಂತ್ರಾಂಶ ಪಕ್ಕದ ಕಾಲಂ ಸೇರಿಸಿ ಓದಿ, ಗೂಬೆಯ ಲೇಖನಕ್ಕೆ ನವಿಲಿನ ಬಾಲ ಅಂಟಿಸಬಲ್ಲದು. ಕೊನೆಗೆ ಕರಡು ತಿದ್ದಲು ಮನುಷ್ಯರೇ ಬೇಕು.

ಒಮ್ಮೆ ಬರಹ ಯೂನಿಕೋಡಿಗೆ ಬಂದರೆ ಮಾತ್ರ ಗೆಟ್ಟವಾಡಿಯಂಥ ಊರಿಗೆ ಬಾಗಿಲು ತೆರೆಯುತ್ತದೆ. ಫೋನು ಲೇಖನವನ್ನು ಓದಿ ಹೇಳುತ್ತದೆ, ದನ ಹೊಡೆದುಕೊಂಡು ಹೋಗುವಾಗಲೂ ಕೇಳಬಹುದು. ‘ಅಕ್ಷರಮುಖ’ ಎಂಬ ಲಿಪಿ ಬದಲಿಸುವ ಸಲಕರಣೆಯಲ್ಲಿ ಕನ್ನಡದ ಮಾತನ್ನು ತಮಿಳು ಅಕ್ಷರದಲ್ಲಿ ಇಟ್ಟುಕೊಳ್ಳಲೂಬಹುದು. ತಮಿಳು ಲಿಪಿಯಲ್ಲಿ ಕ, ಗಗಳಿಗೆ ಒಂದೇ ಅಕ್ಷರವಾದ್ದರಿಂದ ಅದು ಮೇಲೆ ಸಣ್ಣ ಅಂಕಿ ಹಾಕಿ ಬೇರೆ ಮಾಡಿ ತೋರಿಸುತ್ತದೆ. ಓದು ಸ್ವಲ್ಪ ಕುಂಟುತ್ತದೆ, ಅಭ್ಯಾಸವಾದರೆ ಸಾಗುತ್ತದೆ. ಚಿತ್ರ ತುಂಬಿದ ಸಂಚಿಕೆ ಹಲವು ಎಂಬಿ ಎಳೆದರೆ ಬರಿಯ ಪಠ್ಯ ಕೆಲವೇ ಕೆಬಿ, ಬೆಟ್ಟದ ನೆಟ್‌ವರ್ಕಿಗೂ ಹೊರೆಯಲ್ಲ.

ಹೀಗಾಗಿ ಹವ್ಯಾಸಿ ಪತ್ರಿಕೆ ನಡೆಸುವ ಯಾರೇ ಆಗಲಿ ಪಿಡಿಎಫ್ ಜೊತೆಗೆ ಪ್ರತಿ ಲೇಖನದ ಪಠ್ಯವನ್ನೂ ಬೇರೆಯಾಗಿ ಕೊಡುವುದು ಒಳ್ಳೆಯದು. ಟಿಪ್ಪಣಿ ಕಳಿಸುವವರಿಗೂ ಟೈಪ್ ಮಾಡಲೇಬೇಕೆಂಬ ಕಟ್ಟು ಬೇಡ. ಕಂಡದ್ದನ್ನು ಫೋನಿಗೆ ಮಾತಾಡಿ ಕಳಿಸಿದರೆ ಸಂಪಾದಕರು ಬರೆದುಕೊಳ್ಳಲಿ. ಆ ದನಿಯಲ್ಲಿ ಕೊಕ್ಕು, ಬಾಲ, ಕೂಗುಗಳ ವರ್ಣನೆ ಸ್ಟೆನ್ಸಿಲ್ ಕಾಲದಷ್ಟೇ ವಿವರವಾಗಿ ಬರುವ ಸಂಭವವಿದೆ.