ನಿಮಗಿದು ಗೊತ್ತೆ? ಮೀನಿನ ಮೆರವಣಿಗೆ, ತುಟಿಗೆ ಗಾಳ

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ಫ್ಲಾರಿಡಾದ ಪೂರ್ವ ಕರಾವಳಿಯಲ್ಲಿ ದಡದಂಚಿನ ನೀರು ಅಲ್ಲಲ್ಲಿ ಕಪ್ಪಗಾಗುತ್ತದೆ. ಮೋಡದ ನೆರಳೆಂದುಕೊಂಡು ನೋಡಿದರೆ ದಕ್ಷಿಣಕ್ಕೆ ಹೊರಟ ಮಲ್ಲೆಟ್ ಮೀನಿನ ಹಿಂಡು! ಅಕ್ಟೋಬರ್‌ನಲ್ಲೂ ಮುಂದುವರಿಯುವ ಈ ಯಾತ್ರೆಯ ಬೆನ್ನಿಗೆ ಸ್ನೂಕ್, ನೂರು ಕಿಲೋ ತೂಗಬಲ್ಲ ಟಾರ್ಪನ್, ಶಾರ್ಕ್‌ಗಳು ಬೀಳುತ್ತವೆ. ಗಾಳ ಹಾಕುವವರೂ ಅಷ್ಟೇ.

ಬೀಸುಬಲೆಯಲ್ಲಿ ಹಿಡಿದ ಜೀವಂತ ಮಲ್ಲೆಟ್ಟೇ ಇಲ್ಲಿ ಎರೆ. ಅದನ್ನು ಪೋಣಿಸುವುದರಲ್ಲೇ ಕೈಚಳಕ. ಸೆಳೆತ ಜೋರಿದ್ದರೆ ಮೇಲ್ತುಟಿಗೆ ಗಾಳ ಚುಚ್ಚುತ್ತಾರೆ. ಮೀನು ಪ್ರವಾಹಕ್ಕೆ ಮುಖವೊಡ್ಡಿ ಸಹಜವಾಗಿ ಈಜುತ್ತದೆ. ಬಾಲದ ಹತ್ತಿರ ಚುಚ್ಚಿದರೆ ಗಾಬರಿಬಿದ್ದು ದೂರ ಓಡುತ್ತದೆ. ಸೇತುವೆಯ ಕಂಬದ ಬುಡಕ್ಕೆ ಎರೆ ಕಳಿಸಬೇಕಾದಾಗ ಇದೇ ಉಪಾಯ. ದುಂಡು ಬಾಗಿನ ಗಾಳವಾದರೆ ಮೀನು ಕಚ್ಚಿದೊಡನೆ ಜಗ್ಗಬಾರದು; ದಾರ ಬಿಗಿಯಾದಂತೆ ಅದು ತಾನೇ ಹೊರಳಿ ದವಡೆಯ ಮೂಲೆಗೆ ನಾಟುತ್ತದೆ. ಅವಸರದವರಿಗೆ ಒಗ್ಗುವ ಗಾಳವಲ್ಲ.

ಅಂದಹಾಗೆ, ಮಲ್ಲೆಟ್‌ಗೆ ಕೋಳಿಗಿರುವಂಥ ದಪ್ಪಗೋಡೆಯ ಜಠರವಿದೆ. ಪಾಚಿಯ ಜೊತೆ ನುಂಗಿದ ಮರಳೇ ಅದರ ಬೀಸುಕಲ್ಲು. ನಮ್ಮ ಕರಾವಳಿಯ ಅಳಿವೆಗಳಲ್ಲೂ ಈ ಕುಟುಂಬದ ಮೀನುಗಳಿವೆ. ಕೊಂಕಣಿಯಲ್ಲಿ ಕೇಳಿದರೆ, ಶೆವ್ಟೊ.